ನಗಿಸುವ ಕತೆಪುಸ್ತಕ: ಓದಲು ಒಲ್ಲದ ಮಕ್ಕಳ ಕೈಗೆ ಕೊಟ್ಟು ನೋಡಿದ ನಾಲ್ಕು ಬಗೆ

ಅಕ್ಷರ ಬಾರದ ಮಗು ಬೇರೆ, ಅಕ್ಷರ ಬಂದರೂ ಪುಸ್ತಕ ಕಂಡರೆ ದೂರ ಸರಿಯುವ ಮಗು ಬೇರೆ. ಎರಡನೆಯ ಬಗೆಯ ಮಗುವಿಗೆ ಪುಸ್ತಕ ತೆರೆದ ಕೂಡಲೇ ಬಾಯಾರಿಕೆಯಾಗುತ್ತದೆ, ಚಪ್ಪಲಿ ಎಲ್ಲಿ ಬಿಟ್ಟೆನೆಂಬ ಚಿಂತೆ ಹತ್ತುತ್ತದೆ. ಇಂಥ ಮಕ್ಕಳಿಗೆ ಹಾಸ್ಯದ ಕತೆ ಕೊಡಿ ಎಂದು ಎಲ್ಲರೂ ಹೇಳುತ್ತಾರೆ. ಯಾವ ಹಾಸ್ಯ ಎಂದು ಕೇಳಿದರೆ ಹೆಚ್ಚಿನವರ ಬಳಿ ಉತ್ತರವಿಲ್ಲ.

ನಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಊರಿನ ಗ್ರಂಥಾಲಯದಲ್ಲಿ, ಶಾಲೆ ಬಿಟ್ಟ ಮೇಲೆ ಮಕ್ಕಳ ಜೊತೆ ಕೂರುವ ನಾನು ನಾಲ್ಕು ಬಗೆಯ ಪುಸ್ತಕಗಳನ್ನು ಅವರ ಮುಂದಿಟ್ಟು ನೋಡುತ್ತ ಬಂದಿದ್ದೇನೆ. ತೆನಾಲಿ ರಾಮಕೃಷ್ಣ, ಬೀರಬಲ್ಲರ ಸಂಗ್ರಹಗಳು ಒಂದು ಬಗೆ. ಪ್ರಥಮ್ ಬುಕ್ಸ್‌ನಂಥವರ ಚಿತ್ರಪುಸ್ತಕಗಳು ಇನ್ನೊಂದು. ಪಂಜೆ, ಕುವೆಂಪು ಅವರ ಕಾಲದ ಮಕ್ಕಳ ಬರಹ ಮೂರನೆಯದು. ಚಂಪಕ ಮತ್ತು ಬಾಲಮಂಗಳದ ಹಳೆಯ ಸಂಚಿಕೆಗಳು ನಾಲ್ಕನೆಯದು. ನಾನು ಓದಿ ಹೇಳಿದಾಗ ಮಕ್ಕಳು ನಕ್ಕರೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ತಾನೇ ಓದುತ್ತಿರುವ ಮಗು ಯಾವ ಸಾಲಿನಲ್ಲಿ ನಕ್ಕಿತು, ಪಕ್ಕದವನಿಗೆ ಪುಸ್ತಕ ಹಿಡಿದು ‘ಇಲ್ಲಿ ನೋಡು’ ಎಂದಿತೇ ಎಂಬುದಷ್ಟೇ ನನಗೆ ಮುಖ್ಯ.

ಬಹುತೇಕ ಮನೆಗಳಲ್ಲಿ ಮೊದಲು ಕೊಳ್ಳುವುದು ತೆನಾಲಿ ರಾಮನನ್ನು. ಕತೆಗಳಲ್ಲಿ ದೋಷವಿಲ್ಲ. ಇಲಿಗಳ ಕಾಟ ತಡೆಯಲು ಕೃಷ್ಣದೇವರಾಯ ಮನೆಮನೆಗೆ ಬೆಕ್ಕು ಕೊಟ್ಟ, ಬೆಕ್ಕಿಗೆ ಹಾಲುಣಿಸಲು ಹಸುವನ್ನೂ ಕೊಟ್ಟ. ರಾಮಕೃಷ್ಣ ಸುಡುವ ಹಾಲಿಟ್ಟು ಬೆಕ್ಕಿನ ಮೂತಿ ಸುಡಿಸಿದ. ಆಮೇಲೆ ಆ ಬೆಕ್ಕು ಹಾಲು ಕಂಡರೆ ಓಟ ಕೀಳುತ್ತಿತ್ತು. ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅದೇ ಕತೆಯನ್ನು ಬಸ್ ನಿಲ್ದಾಣದ ಅಂಗಡಿಯ ಅಗ್ಗದ ಸಂಗ್ರಹದಲ್ಲಿ ಓದಲು ಕೊಟ್ಟರೆ, ಬೆಕ್ಕು ಬರುವ ಮೊದಲೇ ‘ಸಾಮ್ರಾಜ್ಯ’, ‘ಅಷ್ಟದಿಗ್ಗಜರು’, ‘ವಿಕಟಕವಿ’, ‘ಕುಶಾಗ್ರಮತಿ’ ಎಲ್ಲವನ್ನೂ ದಾಟಬೇಕು. ಒತ್ತಕ್ಷರಕ್ಕೆ ಬೆರಳಿಟ್ಟು ಓದುವ ಮಗು ಎರಡನೆಯ ವಾಕ್ಯಕ್ಕೇ ಸುಸ್ತಾಗುತ್ತದೆ. ನಗು ಇರುವುದು ಕಟ್ಟಕಡೆಯ ಸಾಲಿನಲ್ಲಿ, ಅಲ್ಲಿಯವರೆಗೆ ಅದು ಹೋಗುವುದೇ ಇಲ್ಲ. ಹೋದರೂ ಕೆಳಗೆ ದಪ್ಪ ಅಕ್ಷರದಲ್ಲಿ ‘ನೀತಿ’ ಎಂದು ಕಾದಿರುತ್ತದೆ. ನಕ್ಕ ಬಾಯಿಗೆ ಪಾಠ ತುರುಕುವ ಈ ಪದ್ಧತಿ ನನಗೆ ಸುತರಾಂ ಒಪ್ಪಿಗೆಯಿಲ್ಲ.

ಇನ್ನೊಂದು ಸಂಗತಿಯೂ ಇದೆ. ಈ ಕತೆಗಳಲ್ಲಿ ಜಾಣ ಗೆಲ್ಲುತ್ತಾನೆ, ಪೆದ್ದ ನಗೆಪಾಟಲಾಗುತ್ತಾನೆ. ತರಗತಿಯಲ್ಲಿ ತಡವರಿಸಿ ಓದಿ ನಗೆಗೀಡಾದ ಮಗುವಿಗೆ ಪೆದ್ದನನ್ನು ಕಂಡು ನಗಲು ಮನಸ್ಸು ಬರುವುದಿಲ್ಲ. ಬಿಚ್ಚುಮನಸ್ಸಿನಿಂದ ನಗುವವರು ಚೆನ್ನಾಗಿ ಓದಬಲ್ಲ ಮಕ್ಕಳೇ. ಹಾಗಾಗಿ ತೆನಾಲಿ ರಾಮನನ್ನು ನಾನು ಬಾಯಿಕತೆಗೆ ಇಟ್ಟುಕೊಂಡಿದ್ದೇನೆ. ಐದನೆಯ ತರಗತಿ ದಾಟಿ ಸರಾಗವಾಗಿ ಓದುವವರಿಗೆ ಪುಸ್ತಕವನ್ನೇ ಕೊಡುತ್ತೇನೆ.

ಇದಕ್ಕೆ ತೀರ ಎದುರಾಗಿ ನಿಲ್ಲುವುದು ಚಿತ್ರಪುಸ್ತಕ. ರೋಹಿಣಿ ನಿಲೇಕಣಿಯವರು ‘ನೋನಿ’ ಎಂಬ ಹೆಸರಿನಲ್ಲಿ ಬರೆದ ಶೃಂಗೇರಿ ಶ್ರೀನಿವಾಸನ ಕತೆಯನ್ನೇ ನೋಡಿ. ವರ್ಷಕ್ಕೊಮ್ಮೆ ಮಾತ್ರ ಕೂದಲು ಕತ್ತರಿಸಿಕೊಳ್ಳುವ ಶ್ರೀನಿವಾಸನಿಗೆ ಆ ದಿನ ಬಂದಿದೆ, ಕತ್ತರಿಸಲು ಯಾರಿಗೂ ಬಿಡುವಿಲ್ಲ. ಕ್ಷೌರಿಕ, ಹೆಂಡತಿ, ದರ್ಜಿ, ಬಡಗಿ, ಒಬ್ಬೊಬ್ಬರ ಬಳಿಯೂ ಹೋಗುತ್ತಾನೆ, ಒಬ್ಬೊಬ್ಬರೂ ಆಗದು ಎನ್ನುತ್ತಾರೆ. ಕೊನೆಗೆ ಹುಲಿಯೊಂದು ಅವನ ಕೂದಲಿನ ಸಮಸ್ಯೆ ಬಗೆಹರಿಸುತ್ತದೆ. ಇಲ್ಲಿ ಫಜೀತಿಗೆ ಸಿಕ್ಕಿರುವವನು ಮಗುವಲ್ಲ, ಉದ್ದ ಕೂದಲಿನ ದೊಡ್ಡ ಮನುಷ್ಯ. ಮಕ್ಕಳಿಗೆ ಇದಕ್ಕಿಂತ ಖುಷಿಯ ವಿಷಯ ಇನ್ನೊಂದಿಲ್ಲ.

ಓದಿನ ದೃಷ್ಟಿಯಿಂದ ಆ ಹೆಸರನ್ನು ಗಮನಿಸಿ: ‘ಶೃಂಗೇರಿ ಶ್ರೀನಿವಾಸ’. ವಟ್ರಸುಳಿ, ಸೊನ್ನೆ, ರ-ಒತ್ತು ಎಲ್ಲ ಒಂದೇ ಕಡೆ. ಮೂರನೆಯ ತರಗತಿಯ ಹುಡುಗಿಯೊಬ್ಬಳು ಮೊದಲ ಪುಟದಲ್ಲಿ ‘ಶ... ಶು... ಶುಂ...’ ಎಂದು ನಿಂತಳು. ನಾನು ಹೇಳಿಕೊಟ್ಟೆ. ಆ ಹೆಸರು ಮತ್ತೆ ಬಂದಾಗ ಅರ್ಧ ಅವಳೇ ಹೇಳಿದಳು. ಬಡಗಿಯ ಪುಟಕ್ಕೆ ಬರುವ ಹೊತ್ತಿಗೆ ಪೂರ್ತಿ ಹೆಸರನ್ನು ಗತ್ತಿನಿಂದ ಕೂಗಿ, ಮುಂದಿನ ಉತ್ತರ ಏನೆಂದು ಗೊತ್ತಿದ್ದರಿಂದ ಓದುವ ಮೊದಲೇ ನಗತೊಡಗಿದಳು. ಕಷ್ಟದ ಪದ ಬಂದರೆ ಕೆಡುಕಿಲ್ಲ, ಅದು ಮತ್ತೆ ಮತ್ತೆ ಬರಬೇಕು. ನಗುವೂ ಪುಟಕ್ಕೊಮ್ಮೆ ಸಿಗಬೇಕು. ಕೊನೆಯ ಪುಟದವರೆಗೆ ಸಾಲ ಹೇಳಬಾರದು.

ಇಂಥ ನೂರಾರು ಕತೆಗಳು ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದಲ್ಲೇ ಉಚಿತವಾಗಿ ಸಿಗುತ್ತವೆ. ಮುಕ್ತ ಪರವಾನಗಿ ಇರುವುದರಿಂದ ಮುದ್ರಿಸಿ ಹಂಚಬಹುದು. ನಾಲ್ಕು ಹಂತಗಳಿವೆ: ಮೊದಲ ಹಂತದ ಕತೆ 250 ಪದಗಳೊಳಗೆ, ಎರಡನೆಯದು 600ರೊಳಗೆ, ಮೂರನೆಯದು 1500ರೊಳಗೆ ಮುಗಿಯುತ್ತದೆ. ಹಂತವನ್ನು ಮಾತ್ರ ಕುರುಡಾಗಿ ನಂಬಬೇಡಿ. ಇಂಗ್ಲಿಷ್‌ನಲ್ಲಿ ಪುಟ್ಟದಾಗಿರುವ ಪದ ಕನ್ನಡಕ್ಕೆ ಬರುವಾಗ ಒತ್ತಕ್ಷರಗಳ ಮೂಟೆಯಾಗಿರಬಹುದು. ಯಾರು ಬೇಕಾದರೂ ಅನುವಾದಿಸಬಹುದಾದ್ದರಿಂದ ಕೆಲವು ಕತೆಗಳ ಕನ್ನಡ ಲವಲವಿಕೆಯಿಂದ ಕುಣಿಯುತ್ತದೆ, ಕೆಲವದರದು ಸರ್ಕಾರಿ ಸುತ್ತೋಲೆಯಂತಿದೆ. ಮೊದಲು ನೀವು ಗಟ್ಟಿಯಾಗಿ ಓದಿ; ನಿಮ್ಮ ನಾಲಿಗೆ ಎಡವಿದ ಕಡೆ ಮಗುವೂ ಎಡವುತ್ತದೆ. ಮೊಬೈಲಿಗಿಂತ ಕಾಗದವೇ ಮೇಲು ಎಂಬುದೂ ನನ್ನ ಅನುಭವ. ಪರದೆಯ ಮೇಲೆ ಮಕ್ಕಳು ಚಿತ್ರ ನೋಡಿ ಸರಸರ ಸರಿಸುತ್ತಾರೆ, ಪದಗಳತ್ತ ಕಣ್ಣು ಹಾಯಿಸುವುದಿಲ್ಲ.

ಪಂಜೆ ಮಂಗೇಶರಾಯರು (1874–1937) ಮಕ್ಕಳಿಗಾಗಿ ಬರೆದು ಎಷ್ಟೋ ಕಾಲವಾಯಿತು. ‘ಇಲಿಗಳ ಥಕಥೈ’, ‘ಗುಡುಗುಡು ಗುಮ್ಮಟ ದೇವರು’, ‘ಕೊಕ್ಕೋ ಕೋಳಿ’: ಹೆಸರು ಹೇಳಿದರೆ ಸಾಕು, ಮಕ್ಕಳ ತುಟಿ ಅರಳುತ್ತದೆ. ಇಲ್ಲಿ ನಗು ಹುಟ್ಟುವುದು ಸದ್ದಿನಲ್ಲಿ. ಅನುವಾದದ ಪುಸ್ತಕಗಳಲ್ಲಿ ನಾನು ಹುಡುಕಿ ಸೋತಿರುವುದು ಇದನ್ನೇ. ಕನ್ನಡದ ಬಾಯಲ್ಲೇ ಹುಟ್ಟಿದ ಹಾಸ್ಯಕ್ಕೆ ಬೇರೆ ಕಸುವಿದೆ. ಆದರೆ ಹಳೆಯ ಮಾತುಗಳು ಇಂದಿನ ಮಕ್ಕಳಿಗೆ ಅಲ್ಲಲ್ಲಿ ಅಡ್ಡ ಬರುತ್ತವೆ. ಒಮ್ಮೆ ನಾವು ಓದಿ ಕೇಳಿಸಿದ ಮೇಲೆ ಕೈಗೆ ಕೊಟ್ಟರೆ, ಕಿವಿಯಲ್ಲಿ ಉಳಿದ ಸದ್ದನ್ನು ಹಿಡಿದು ಕಣ್ಣು ಮುಂದೆ ಹೋಗುತ್ತದೆ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಗೂ ಇದೇ ಕ್ರಮ. ಇಲಿಗಳ ಹಾವಳಿಯ ಭಾಗವನ್ನು ಗುಂಪಾಗಿ ಓದಿಸಿದರೆ, ಒಬ್ಬರೇ ಓದಲು ಅಂಜುವವರು ಕೂಡ ದನಿ ಸೇರಿಸುತ್ತಾರೆ. ತಾಳ ಯಾರನ್ನೂ ಹಿಂದೆ ಬಿಡುವುದಿಲ್ಲ. ಕೊನೆಯಲ್ಲಿ ಮಕ್ಕಳೆಲ್ಲ ಜೋಗಿಯ ಹಿಂದೆ ಹೋಗಿಬಿಡುವ ಭಾಗ ಮಾತ್ರ ನಗೆಯದಲ್ಲ. ಪುಟ್ಟವರು ಗಾಬರಿಯಾಗುತ್ತಾರೆ, ಪಕ್ಕದಲ್ಲಿ ದೊಡ್ಡವರಿರಲಿ.

ನಾಲ್ಕರಲ್ಲಿ ಮಕ್ಕಳು ತಾವಾಗಿ ಕಿತ್ತಾಡಿ ಎತ್ತಿಕೊಳ್ಳುವುದು ಚಿತ್ರಕತೆಗಳನ್ನು. ಚಂಪಕದ ಮೊಲ ಚೀಕು, ಬಾಲಮಂಗಳದ ಡಿಂಗ ಇವರಿಗೆ ಯಾರ ಶಿಫಾರಸೂ ಬೇಡ. ಆದರೆ ಓದಿ ಮುಗಿಸಿದವರನ್ನು ‘ಅವನು ಏನೆಂದ?’ ಎಂದು ಕೇಳಿದರೆ ಹಲವರು ತಲೆ ಕೆರೆದುಕೊಳ್ಳುತ್ತಾರೆ. ಓದಿರುವುದು ಚಿತ್ರವನ್ನಷ್ಟೇ. ನಾನು ಪಾತ್ರ ಹಂಚಿ ಓದಿಸುತ್ತೇನೆ. ಆಗ ಗುಳ್ಳೆಯೊಳಗಿನ ಮಾತನ್ನು ಓದದೆ ಗತ್ಯಂತರವಿಲ್ಲ. ಹಾಗೆ ಓದಿಸಲು ಹೊತ್ತಿಲ್ಲದ ಮನೆಯಲ್ಲಿ ನಾನಾದರೆ ಚಿತ್ರಪುಸ್ತಕವನ್ನೇ ಮೊದಲು ಕೊಳ್ಳುತ್ತೇನೆ.

ಎಲ್ಲರಿಗಿಂತ ಕಷ್ಟದವರು ಆರು, ಏಳನೆಯ ತರಗತಿಯ ಮಕ್ಕಳು. ಓದುವ ಶಕ್ತಿ ಎರಡನೆಯ ಹಂತದ್ದು, ಮೀಸೆ ಚಿಗುರುವ ವಯಸ್ಸು. ಚಿತ್ರಪುಸ್ತಕ ಮುಂದಿಟ್ಟರೆ ‘ಅಕ್ಕಾ, ಅದು ಚಿಕ್ಕವರದ್ದು’ ಎಂದು ಅವಮಾನವಾದಂತೆ ತಳ್ಳುತ್ತಾರೆ. ಅವರಿಗೆ ಒಂದು ಕೆಲಸ ಹಚ್ಚಿದ್ದೇನೆ: ಒಂದನೆಯ ತರಗತಿಯ ಮಕ್ಕಳಿಗೆ ಓದಿ ಹೇಳುವುದು. ಓದಿ ಹೇಳುವ ಮೊದಲು ತಾವು ಅಭ್ಯಾಸ ಮಾಡಲೇಬೇಕು, ಮಾಡುತ್ತಾರೆ. ಶ್ರೀನಿವಾಸನ ಕತೆಯನ್ನು ಈಚೆಗೆ ಅತಿ ಹೆಚ್ಚು ಬಾರಿ ಎತ್ತಿಕೊಂಡು ಹೋದವರು ಈ ದೊಡ್ಡ ಹುಡುಗರೇ. ಅವರ ಪಾಲಿಗೆಂದು ನಾನು ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ಯನ್ನು ತೆಗೆದಿಟ್ಟಿದ್ದೇನೆ. ಮಾರ, ಪ್ಯಾರ, ಕಿವಿ ಎಂಬ ನಾಯಿ ಇವರೆಲ್ಲ ತಮ್ಮೂರಿನವರೇ ಎಂಬಂತೆ ಹುಡುಗರು ಕೇಳುತ್ತಾರೆ. ಒಂದು ಅಧ್ಯಾಯವನ್ನು ಅರ್ಧ ಓದಿ ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಏಳುತ್ತೇನೆ, ಉಳಿದರ್ಧ ಅವರದು.