ಹಳೆಯ ಎಂಡ್ಯೂರೋ 40 ಬೋಟ್ ಇಂಜಿನ್: ಕೊಳ್ಳಬಹುದು, ಆದರೆ ಮೊದಲು ಪೆಟ್ರೋಲ್ ಮತ್ತು ರಬ್ಬರ್ ನೋಡಿ

ಉಜನಿ ಜಲಾಶಯದಿಂದ ಭೀಮೆಗೆ ನೀರು ಬಿಟ್ಟಾಗ ಅಫಜಲಪುರದ ಕಡೆ, ಕೃಷ್ಣೆಯ ನಾರಾಯಣಪುರ ಜಲಾಶಯದ ಗೇಟು ತೆಗೆದಾಗ ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿಯಂಥ ನಡುಗಡ್ಡೆಗಳ ಕಡೆ ಬೋಟು ಬೇಕಾಗುತ್ತದೆ. ಉಳಿದ ತಿಂಗಳುಗಳಲ್ಲಿ ಅದು ತಗಡಿನ ಶೆಡ್ಡಿನಲ್ಲಿ ನಿಂತಿರುತ್ತದೆ. ಇಂಥ ಕೆಲಸಕ್ಕೆ ಸೆಕೆಂಡ್ ಹ್ಯಾಂಡ್ ಯಮಾಹಾ ಎಂಡ್ಯೂರೋ 40 ತಗೊಳ್ಳಬಹುದೇ ಎಂದರೆ, ಧಾರಾಳವಾಗಿ ತಗೊಳ್ಳಬಹುದು. ಎರಡು ಸಿಲಿಂಡರ್, 703 ಸಿಸಿ, ಟೂ ಸ್ಟ್ರೋಕ್. ಹಗ್ಗ ಎಳೆದು ಸ್ಟಾರ್ಟ್ ಮಾಡುವ ಮಾದರಿಗೆ ಬ್ಯಾಟರಿಯೇ ಬೇಡ. ಕಿಡಿ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಅಂದರೆ ಸಿಡಿಐ, ಇರುವುದರಿಂದ ಹಳೆ ಇಂಜಿನ್ನುಗಳಂತೆ ಪಾಯಿಂಟ್ ಉಜ್ಜುವ ಗೋಜೂ ಇಲ್ಲ. ಪಾನಾ, ಸ್ಕ್ರೂಡ್ರೈವರ್ ಹಿಡಿಯಲು ಬರುವ ಯಾರಾದರೂ ಇದನ್ನು ಸಂಭಾಳಿಸಬಹುದು.

ಇದರ ಮೇಲಿರುವ ದೊಡ್ಡ ದೂರು ಒಂದೇ: ನಿಂತು ನಿಂತು ಆಮೇಲೆ ಸ್ಟಾರ್ಟ್ ಆಗುವುದಿಲ್ಲ. ಮೆಕ್ಯಾನಿಕ್ಕಿಗೆ ತೋರಿಸಿದರೆ ಮೊದಲ ಮಾತು, “ಪ್ಲಗ್ ಹೋಗ್ಯಾದ್ರಿ, ಹೊಸಾದು ಹಾಕ್ರಿ.” ಪ್ಲಗ್ ಹೋಗಿರುವುದು ಅಪರೂಪ. ಹೆಚ್ಚಿನ ಸಲ ಕೆಟ್ಟಿರುವುದು ಕಳೆದ ವರ್ಷದ ಪೆಟ್ರೋಲ್.

ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತು ಪಾಲಿನವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲವಿಡೀ ಮುಚ್ಚಳ ಸಡಿಲವಿದ್ದ ಟ್ಯಾಂಕಿನಲ್ಲಿ ನೀರು ಒಂದು ಮಟ್ಟ ದಾಟಿದರೆ ನೀರು, ಎಥೆನಾಲ್ ಎರಡೂ ಕೂಡಿ ತಳಕ್ಕೆ ಇಳಿಯುತ್ತವೆ. ಇಂಜಿನ್ ಇಂಧನ ಹೀರುವುದು ಆ ತಳದಿಂದಲೇ. ಇನ್ನೊಂದು ಅಪಾಯವೂ ಇದೆ. ಇಂಜಿನ್ನಿನ ಒಳಭಾಗಗಳು ಜಾರಲೆಂದು ನೀವು ಪೆಟ್ರೋಲಿಗೆ ಬೆರೆಸಿದ ಎಣ್ಣೆ ಮೇಲಿನ ಪೆಟ್ರೋಲಿನ ಜತೆ ಉಳಿಯುತ್ತದೆ, ತಳದ ದ್ರವದಲ್ಲಿ ಎಣ್ಣೆಯೇ ಇರುವುದಿಲ್ಲ. ಹೇಗೋ ಸ್ಟಾರ್ಟ್ ಆಯಿತೆಂದು ಓಡಿಸಿದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಟ್ಯಾಂಕಿನ ತಳದಿಂದ ಒಂದಿಷ್ಟು ಪಾರದರ್ಶಕ ಬಾಟಲಿಗೆ ಇಳಿಸಿ, ಹತ್ತು ನಿಮಿಷ ಅಲುಗಾಡಿಸದೆ ಇಡಿ. ನಡುವೆ ಗೆರೆ ಕಂಡರೆ, ಮಬ್ಬಾಗಿದ್ದರೆ, ಹಳೆ ವಾರ್ನಿಷಿನ ವಾಸನೆ ಬಂದರೆ ಅದನ್ನು ಪೂರ್ತಿ ತೆಗೆಯಿರಿ. ಹೊಸ ಪೆಟ್ರೋಲ್ ಸುರಿದು ‘ಅಡ್ಜಸ್ಟ್’ ಮಾಡಲು ಹೋಗಬೇಡಿ.

ನಮ್ಮ ಬೇಸಿಗೆಯ ಬಿಸಿಲು ಇದಕ್ಕೆ ಇನ್ನೊಂದು ಏಟು. ಪೆಟ್ರೋಲು, ಗಾಳಿ ಬೆರೆಸುವ ಕಾರ್ಬೊರೇಟರಿನ ಬಟ್ಟಲಲ್ಲಿ ಉಳಿದ ಪೆಟ್ರೋಲ್ ಆರಿ ಅಂಟಾಗುತ್ತದೆ. ಮೊದಲು ಮುಚ್ಚುವುದು ಪೈಲಟ್ ಜೆಟ್ ಎಂಬ ಹಿತ್ತಾಳೆಯ ನಳಿಕೆ, ಅದರ ರಂಧ್ರ ಕೂದಲೆಳೆಯಷ್ಟು ಸಣ್ಣದು. ಬಟ್ಟಲು ಬಿಚ್ಚಿ, ಜೆಟ್ ತೆಗೆದು ಬೆಳಕಿಗೆ ಹಿಡಿಯಿರಿ. ದುಂಡನೆಯ ಬೆಳಕಿನ ಚುಕ್ಕಿ ಕಾಣಬೇಕು. ಕಾಣದಿದ್ದರೆ ಕಾರ್ಬೊರೇಟರ್ ಕ್ಲೀನರ್ ಹೊಡೆದು ಗಾಳಿ ಊದಿ. ತಂತಿ, ಪಿನ್ನು ತುರುಕಬೇಡಿ. ಹಿತ್ತಾಳೆ ಮೆತ್ತಗಿನದು, ರಂಧ್ರ ದೊಡ್ಡದಾದರೆ ಆ ಜೆಟ್ ಹಾಳಾದಂತೆಯೇ.

ಆದರೆ ಕಾರ್ಬೊರೇಟರ್ ಬಿಚ್ಚುವ ಮೊದಲು ಮಾಡಬೇಕಾದ ಪರೀಕ್ಷೆ ಒಂದಿದೆ. ಗೇರ್ ನ್ಯೂಟ್ರಲ್, ಚೋಕ್ ಹೊರಗೆ, ಕಿಲ್ ಸ್ವಿಚ್ಚಿನ ಕೆಂಪು ದಾರದ ಕ್ಲಿಪ್ ತನ್ನ ಜಾಗದಲ್ಲಿ. ಕ್ಲಿಪ್ ಮರೆತು ಅರ್ಧ ಗಂಟೆ ಹಗ್ಗ ಎಳೆದವರು ಪ್ರತಿ ಹೊಳೆದಂಡೆಯಲ್ಲೂ ಸಿಗುತ್ತಾರೆ. ಏಳೆಂಟು ಸಲ ಎಳೆದು ಎರಡೂ ಪ್ಲಗ್ ಬಿಚ್ಚಿ ನೋಡಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿದ್ದರೆ ಕಿಡಿ ಇಲ್ಲ, ಇಲ್ಲವೇ ಪೆಟ್ರೋಲ್ ಅತಿಯಾಗಿದೆ. ಇಲ್ಲಿಂದ ದಾರಿ ಎರಡಾಗುತ್ತದೆ, ಎರಡನ್ನೂ ಒಟ್ಟಿಗೆ ಹಿಡಿಯಬೇಡಿ.

ಒಣ ಪ್ಲಗ್ಗಿಗೆ ಮೊದಲ ಗುಮಾನಿ ಪೈಪಿನ ನಡುವಿನ ರಬ್ಬರ್ ಬಲ್ಬಿನ ಮೇಲೆ. ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ತೆಗೆದು, ಬಲ್ಬಿನ ಮೇಲಿರುವ ಬಾಣ ಮೇಲ್ಮುಖವಾಗುವಂತೆ ಹಿಡಿದು ಒತ್ತಿ. ಕೆಲವೇ ಒತ್ತಿಗೆ ಅದು ಗಟ್ಟಿಯಾಗಬೇಕು. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಕನೆಕ್ಟರಿನ ಓ-ರಿಂಗಿನಲ್ಲಿ (ರಬ್ಬರ್ ಬಳೆ) ಗಾಳಿ ನುಗ್ಗುತ್ತಿದೆ, ಬಲ್ಬಿನ ಒಳಗಿನ ವಾಲ್ವ್ ಹೋಗಿದೆ, ಅಥವಾ ಪೆಟ್ರೋಲ್ ಸಾಕಾದಾಗ ತಡೆಯುವ ಫ್ಲೋಟಿನ ಸೂಜಿ ಸಿಕ್ಕಿಕೊಂಡು ಕಾರ್ಬೊರೇಟರ್ ಉಕ್ಕುತ್ತಿದೆ. ಸ್ಟಾರ್ಟ್ ಆಗಿ ಐದು ನಿಮಿಷಕ್ಕೆ ನಿಂತು ಬಲ್ಬ್ ಚಪ್ಪಟೆಯಾದರೆ ಮೊದಲು ಗಾಳಿ ತಿರುಪು ಮುಚ್ಚಿದೆಯೇ ಎಂದು ನೋಡಿ. ಹಳೆ ಪೈಪನ್ನು ಬೆರಳಿಂದ ಮಡಚಿ ನೋಡಿ. ಬಿರುಕು ಕಂಡರೆ ಪೈಪು, ಬಲ್ಬು, ಕ್ಲಿಪ್ಪು ಎಲ್ಲವನ್ನೂ ಬದಲಿಸಿ, ಎಥೆನಾಲ್ ತಡೆಯುವ ಪೈಪನ್ನೇ ಕೇಳಿ. ಇಂಜಿನ್ನಿನ ಪೆಟ್ರೋಲ್ ಪಂಪಿನ ಡಯಾಫ್ರಾಮನ್ನೂ (ತೆಳು ಪೊರೆ) ಜತೆಗೇ ಹಾಕಿಬಿಡಿ.

ಒದ್ದೆ ಪ್ಲಗ್ಗಾದರೆ ಒರೆಸಿ ಒಣಗಿಸಿ. ಪ್ಲಗ್ ಇಲ್ಲದೆಯೇ, ಚೋಕ್ ಒಳಗೆ ತಳ್ಳಿ, ಎಂಟ್ಹತ್ತು ಸಲ ಎಳೆದು ಸಿಲಿಂಡರ್ ಖಾಲಿ ಮಾಡಿ. ಈ ಹೊತ್ತಿನಲ್ಲಿ ಕಿಲ್ ಸ್ವಿಚ್ಚಿನ ಕ್ಲಿಪ್ ತೆಗೆದಿರಲಿ, ಹೊರಬರುವ ಪೆಟ್ರೋಲಿನ ಹತ್ತಿರ ಕಿಡಿ ಹಾರಬಾರದು. ಕಿಡಿ ನೋಡಲು ಸ್ಪಾರ್ಕ್ ಟೆಸ್ಟರ್ ಬಳಸಿ, ಕ್ಲಿಪ್ ಮತ್ತೆ ಹಾಕಿ. ಎರಡೂ ಕಡೆ ಕಿಡಿ ಇಲ್ಲವೆಂದರೆ ಸಿಡಿಐ ಕೊಳ್ಳಲು ಓಡಬೇಡಿ. ಕಿಲ್ ಸ್ವಿಚ್ಚಿನಿಂದ ಬರುವ ವೈರನ್ನು ಸಿಡಿಐ ಬಳಿ ಬಿಡಿಸಿ ಮತ್ತೊಮ್ಮೆ ಎಳೆಯಿರಿ. ಕಿಡಿ ಬಂದರೆ ಕೆಟ್ಟಿರುವುದು ಸ್ವಿಚ್ಚು ಅಥವಾ ಅದರ ವೈರು. ಆದರೆ ಆ ವೈರ್ ಬಿಡಿಸಿಯೇ ಬೋಟನ್ನು ಹೊಳೆಗಿಳಿಸಬೇಡಿ. ಓಡಿಸುವವ ನೀರಿಗೆ ಬಿದ್ದರೆ ಪಂಖ ನಿಲ್ಲಿಸುವುದು ಅದೇ ಕೆಂಪು ದಾರ.

ಹಗ್ಗವೇ ಬಿಗಿದು ಎಳೆಯಲು ಬಾರದಿದ್ದರೆ ಇಂಜಿನ್ ಕಚ್ಚಿಕೊಂಡಿತೆಂದು ಗಾಬರಿ ಬೀಳಬೇಡಿ. ಗೇರಿನಲ್ಲಿದ್ದಾಗ ಸ್ಟಾರ್ಟರನ್ನು ತಡೆಯುವ ಕೇಬಲ್ ಒಂದಿದೆ. ಅದು ಸಡಿಲಾದರೆ ನ್ಯೂಟ್ರಲ್ಲಿನಲ್ಲೂ ಲಾಕ್ ಆಗುತ್ತದೆ.

ಪರೀಕ್ಷೆಗೆಂದು ನೀರಿಲ್ಲದೆ ಓಡಿಸುವುದು ಮಾತ್ರ ಬೇಡವೇ ಬೇಡ. ಇಂಜಿನ್ ತಣಿಸುವ ನೀರಿನ ಪಂಪಿನ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್, ಸೆಕೆಂಡುಗಳಲ್ಲಿ ಸುಡುತ್ತದೆ. 200 ಲೀಟರಿನ ಡ್ರಮ್ಮಿನಲ್ಲಿ, ಪಂಖದ ಮೇಲಿನ ಚಪ್ಪಟೆ ಪ್ಲೇಟು ಮುಳುಗುವಷ್ಟು ನೀರು ತುಂಬಿ ಓಡಿಸಿ. ಹಿಂದಿನ ಸಣ್ಣ ತೂತಿನಿಂದ ನೀರು ಪಿಚಕಾರಿಯಂತೆ ಚಿಮ್ಮಬೇಕು. ಪ್ರವಾಹದ ಭೀಮೆಯ ನೀರು ಎಂದರೆ ಮಣ್ಣು, ಮರಳು. ಪ್ರತಿ ಮಳೆಗಾಲಕ್ಕೆ ಮುನ್ನ ಹೊಸ ಇಂಪೆಲ್ಲರ್ ಹಾಕುವುದು ದುಂದಲ್ಲ.

ಎಣ್ಣೆಯ ಲೆಕ್ಕ ಸರಳ. 50ಕ್ಕೆ 1, ಅಂದರೆ ಲೀಟರಿಗೆ 20 ಮಿಲಿ, 24 ಲೀಟರಿನ ಟ್ಯಾಂಕಿಗೆ 480 ಮಿಲಿ. ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 ಎಂದಿರಲಿ, ಅದು ನೀರಿನಿಂದ ತಣಿಯುವ ಬೋಟ್ ಇಂಜಿನ್ನಿನ ಎಣ್ಣೆಯ ಗುರುತು. ಬೈಕಿನ ಟೂಟಿ ಎಣ್ಣೆ ಗಾಳಿಯಿಂದ ತಣಿಯುವ ಇಂಜಿನ್ನಿಗೆ ಮಾಡಿದ್ದು, ಅದರ ಬೂದಿ ಪ್ಲಗ್ ಮೇಲೂ ಪಿಸ್ಟನ್ ರಿಂಗಿನಲ್ಲೂ ಕೂರುತ್ತದೆ. ಕೆಲಸ ಮುಗಿದ ದಿನ ಪೈಪು ಬಿಡಿಸಿ, ಡ್ರಮ್ಮಿನಲ್ಲಿಟ್ಟು, ತಾನಾಗಿಯೇ ನಿಲ್ಲುವವರೆಗೆ ಓಡಿಸಿದರೆ ಬಟ್ಟಲು ಖಾಲಿಯಾಗುತ್ತದೆ. ಆಮೇಲೆ ಪ್ಲಗ್ಗಿನ ತೂತಿಗೆ ತುಸು ಎಣ್ಣೆ ಬಿಟ್ಟು ಎರಡು ಸಲ ಎಳೆದಿಡಿ.

ಬಿಡಿಭಾಗಗಳ ವಿಷಯದಲ್ಲಿ ನಮ್ಮ ಭಾಗಕ್ಕೆ ಕಷ್ಟವಿದೆ. ಬಂದರಿನ ಊರುಗಳಿಂದ ತರಿಸಬೇಕು, ಆದ್ದರಿಂದ ಇಂಪೆಲ್ಲರ್, ಬಲ್ಬು, ಎರಡು ಪ್ಲಗ್ಗು, ಗೇರ್ ಆಯಿಲಿನ ತಿರುಪುಗಳ ವಾಷರ್ ಜೂನ್‌ಗೆ ಮುನ್ನವೇ ಡಬ್ಬಿಯಲ್ಲಿರಲಿ. ಇಂಜಿನ್ನನ್ನೂ ಕರಾವಳಿಯಿಂದ ತರುವವರು ಅದು ಸೀಮೆಎಣ್ಣೆಯ ಮಾದರಿಯೋ ಎಂದು ವಿಚಾರಿಸಿ, ಉಪ್ಪು ತಿಂದ ಬೋಲ್ಟುಗಳನ್ನು ನೋಡಿ.

ಕೊಳ್ಳುವ ದಿನ ಎರಡೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಹಾಕಿ. ಎರಡು ಸಿಲಿಂಡರಿನ ನಡುವೆ ನೂರಕ್ಕೆ ಹದಿನೈದಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಬಿಟ್ಟುಬಿಡಿ. ಗೇರ್‌ಬಾಕ್ಸಿನ ಕೆಳ ತಿರುಪು ಸ್ವಲ್ಪ ಸಡಿಲಿಸಿ. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣದಲ್ಲಿದ್ದರೆ ಸೀಲಿನಿಂದ ನೀರು ಹೊಕ್ಕಿದೆ. ಮೀನಿನ ಬಲೆಯ ದಾರ ಪಂಖದ ಹಿಂದೆ ಸುತ್ತಿಕೊಂಡು ಸೀಲ್ ಕೊಯ್ಯುವುದು ಇಲ್ಲಿ ಸಾಮಾನ್ಯ, ಅದನ್ನು ಬೆಲೆಯಲ್ಲಿ ಇಳಿಸಿ ಕೇಳಿ. ಇನ್ನು, ಹೋದ ಕೂಡಲೇ ಇಂಜಿನ್ನಿನ ತಲೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಮಾರುವವರು ಮೊದಲೇ ಓಡಿಸಿಟ್ಟಿದ್ದಾರೆ. ಅದು ಪೂರ್ತಿ ತಣ್ಣಗಾಗುವವರೆಗೆ ಕಾದು, ಆಮೇಲೆ ನೀವೇ ಹಗ್ಗ ಎಳೆಯಿರಿ.