ದಿನಬಳಕೆಯ ಉಂಗುರಕ್ಕೆ ಯಾವ ಹರಳು: ಟೊಪಾಜ್, ಅಕ್ವಾಮರೀನ್, ಟೂರ್ಮಲಿನ್, ಚಂದ್ರಕಾಂತ

ಉಂಗುರದ ಹರಳು ಆರಿಸುವಾಗ ಎಲ್ಲರೂ ಮೊದಲು ನೋಡುವುದು ಬಣ್ಣ, ಆಮೇಲೆ ರೇಟು. ಸ್ವಲ್ಪ ತಿಳಿದವರಾದರೆ ಎಷ್ಟು ಗಟ್ಟಿ ಎಂದು ಕೇಳುತ್ತಾರೆ. ನಾನು ಈ ನಾಲ್ಕನ್ನೂ ಒಂದಾದ ಮೇಲೊಂದು ಬಲಗೈಗೇ ಹಾಕಿಕೊಂಡು ನೋಡಿದ್ದೇನೆ. ಹುಬ್ಬಳ್ಳಿ–ಧಾರವಾಡದ ಧೂಳಿನಲ್ಲಿ ಸ್ಕೂಟರ್ ಓಡಿಸುತ್ತ, ರೊಟ್ಟಿ ಬಡಿಯುತ್ತ, ಪಾತ್ರೆ ತಿಕ್ಕುತ್ತ. ದಿನಾ ಹಾಕಿಕೊಳ್ಳುವುದಕ್ಕೆ ಅಕ್ವಾಮರೀನನ್ನು ಮೀರಿಸಿದ್ದು ಇದರಲ್ಲಿ ಯಾವುದೂ ಇಲ್ಲ. ಅಂಕಿ ನೋಡಿದರೆ ಟೊಪಾಜ್ ಅದಕ್ಕಿಂತ ಗಟ್ಟಿ. ಆದರೂ ನನ್ನ ಓಟು ಅಕ್ವಾಮರೀನಿಗೇ.

ಕಾರಣ ತಿಳಿಯಬೇಕಾದರೆ ಇವು ಹುಟ್ಟುವ ಜಾಗ ನೋಡಬೇಕು. ಗ್ರಾನೈಟಿನ ಶಿಲಾರಸ ಮೇಲೆ ಉಕ್ಕದೆ ನೆಲದೊಳಗೇ ನಿಧಾನ ತಣಿಯುವಾಗ ಫೆಲ್ಡ್‌ಸ್ಪಾರ್, ಕ್ವಾರ್ಟ್ಜ್, ಅಭ್ರಕ ಗಟ್ಟಿಯಾಗುತ್ತ ಹೋಗುತ್ತವೆ. ಬೆರಿಲಿಯಂ, ಬೋರಾನ್, ಫ್ಲೋರಿನ್ ಇವುಗಳಲ್ಲಿ ಸುಲಭಕ್ಕೆ ಸೇರುವುದಿಲ್ಲ; ಕೊನೆಗೆ ಉಳಿದ ನೀರು ತುಂಬಿದ ರಸದಲ್ಲಿ ಕೂಡಿಕೊಳ್ಳುತ್ತವೆ. ಆ ರಸ ಬಂಡೆಯ ಬಿರುಕಿಗೆ ನುಗ್ಗಿ ತಣಿದರೆ ಪೆಗ್ಮಟೈಟ್. ಅದರಲ್ಲಿ ಹರಳುಗಳು ಗೇಣುದ್ದ, ಕೆಲವು ಕಡೆ ಆಳೆತ್ತರವೂ ಬೆಳೆಯುತ್ತವೆ. ಬೆರಿಲಿಯಂ ಸೇರಿದ ಕಡೆ ಬೆರಿಲ್, ಅದರ ನೀಲಿ ಬಗೆಯೇ ಅಕ್ವಾಮರೀನ್. ಫ್ಲೋರಿನ್ ಸೇರಿದರೆ ಟೊಪಾಜ್, ಬೋರಾನ್ ಸೇರಿದರೆ ಟೂರ್ಮಲಿನ್. ಚಂದ್ರಕಾಂತ, ಅಂದರೆ ಮೂನ್‌ಸ್ಟೋನ್, ಫೆಲ್ಡ್‌ಸ್ಪಾರಿನದೇ ಒಂದು ರೂಪ.

ನಮ್ಮೂರ ಹೆಸರು ಭೂವಿಜ್ಞಾನದ ಪುಸ್ತಕಗಳಲ್ಲೆಲ್ಲ ಇದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿನ ಕಲ್ಲುಗಳಿಗೆ ಧಾರವಾಡದ ಹೆಸರನ್ನೇ ಇಟ್ಟ. ಅಷ್ಟಕ್ಕೇ ಗುಡ್ಡದಲ್ಲಿ ಅಕ್ವಾಮರೀನ್ ಹುಡುಕಲು ಹೋಗಬೇಡಿ. ಇಲ್ಲಿರುವುದು 250 ಕೋಟಿ ವರ್ಷಕ್ಕೂ ಹಿಂದಿನ ಕೆಸರು, ಮರಳು, ಲಾವಾ ಕಾದು ಒತ್ತಡಕ್ಕೆ ಸಿಕ್ಕಿ ಮಾರ್ಪಟ್ಟ ಕಲ್ಲು. ಗದಗಿನ ಕಪ್ಪತಗುಡ್ಡದ ಪಟ್ಟಿ ಹೆಸರಾಗಿರುವುದು ಚಿನ್ನಕ್ಕೆ. ಗ್ರಾನೈಟ್ ಗುಡ್ಡ ನೋಡಬೇಕೆಂದರೆ ಗದಗ ದಾಟಿ ಕೊಪ್ಪಳದ ಕಡೆ ಹೋಗಬೇಕು. ದಕ್ಷಿಣದ ಹೆಸರಾದ ಅಕ್ವಾಮರೀನ್ ಗಣಿ ಇದ್ದದ್ದು ತಮಿಳುನಾಡಿನ ಕಾಂಗೇಯಂ ಹತ್ತಿರದ ಪಡಿಯೂರಿನಲ್ಲಿ.

ಚಂದ್ರಕಾಂತವನ್ನು ಬೇಗ ಮುಗಿಸುತ್ತೇನೆ. ಚೆಲುವಿನಲ್ಲಿ ಅದಕ್ಕೆ ಸಾಟಿಯಿಲ್ಲ. ತಣಿಯುವಾಗ ಎರಡು ಬಗೆಯ ಫೆಲ್ಡ್‌ಸ್ಪಾರ್ ತೆಳು ತೆಳು ಪದರಗಳಾಗಿ ಬೇರ್ಪಡುತ್ತವೆ, ಬೆಳಕು ಅವುಗಳ ನಡುವೆ ಚದುರಿ ಆ ನೀಲಿ ಹೊಳಪು ತೇಲುತ್ತದೆ. ಆದರೆ ಗಡಸನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಇದರ ಗಡಸು 6ರಿಂದ 6.5. ರಸ್ತೆಯ ಧೂಳಿನಲ್ಲಿರುವ ಕ್ವಾರ್ಟ್ಜ್ 7. ಸೆರಗಿನಿಂದ ಒರೆಸಿದರೂ ಧೂಳೇ ಅದನ್ನು ಗೀರುತ್ತದೆ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ನನ್ನದರ ನೆತ್ತಿ ಮಬ್ಬಾಯಿತು. ಓಲೆಗೆ, ಪದಕಕ್ಕೆ ಕಣ್ಣುಮುಚ್ಚಿ ತೆಗೆದುಕೊಳ್ಳಿ, ಬೆರಳಿಗೆ ಬೇಡ.

ನಿಜವಾದ ಪೈಪೋಟಿ ಎರಡು ನೀಲಿಗಳ ನಡುವೆ. ನೀಲಿ ಟೊಪಾಜ್ ಗಡಸು 8, ಅಕ್ವಾಮರೀನ್ 7.5ರಿಂದ 8. ಟೊಪಾಜ್ ಬೆಲೆ ಅಕ್ವಾಮರೀನಿಗಿಂತ ಎಷ್ಟೋ ಪಾಲು ಕಡಿಮೆ, ನೀಲಿಯೂ ಗಾಢ. ಧೂಳಿಗೆ ಎರಡೂ ಜಗ್ಗಲಿಲ್ಲ, ಮೇಲ್ಮೈಯಲ್ಲಿ ಒಂದು ಗೀರೂ ಇಲ್ಲ. ಆದರೆ ಟೊಪಾಜ್ ಹಾಕಿಕೊಂಡಿದ್ದಾಗ ಕೈ ಒಮ್ಮೆ ಕಬ್ಬಿಣದ ಗೇಟಿಗೆ ತಾಗಿತು. ಹೊರಗೆ ಏನೂ ಕಾಣಲಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿದರೆ ಒಳಗೆ ಕನ್ನಡಿಯಂಥ ಚಪ್ಪಟೆ ಬಿರುಕು. ಓರೆ ಮಾಡಿದಾಗ ಅದರ ಮೇಲೆ ಕಾಮನಬಿಲ್ಲಿನ ಬಣ್ಣ ಓಡುತ್ತಿತ್ತು. ಉಂಗುರ ಸಣ್ಣದು ಮಾಡಿಸಲು ಹೋದಾಗ ನಮ್ಮ ಪತ್ತಾರರು ಅದನ್ನೇ ತೋರಿಸಿದರು: "ಅಕ್ಕಾರ, ಇದಕ್ಕ ಒಳಗ ಸೀಳ ಬಿಟ್ಟೈತ್ರಿ. ಕಾಸಾಕ ಹೋದ್ರ ಎರಡ ಹೋಳ ಆಗ್ತೈತಿ."

ಗಡಸುತನ ಅಂದರೆ ಗೀರಿಗೆ ತಡೆ, ಅಷ್ಟೇ. ಪೆಟ್ಟು ತಾಳುವ ಶಕ್ತಿಯೇ ಬೇರೆ. ಟೊಪಾಜಿನ ಉದ್ದಕ್ಕೆ ಅಡ್ಡವಾಗಿ ಒಂದು ಮಟ್ಟವಿದೆ. ಅಲ್ಲಿ ಸಿಲಿಕಾನ್–ಆಮ್ಲಜನಕದ ಗಟ್ಟಿ ಬಂಧ ಒಂದೂ ಮುರಿಯಬೇಕಾಗಿಲ್ಲ, ಅಲ್ಯೂಮಿನಿಯಂ ಹಿಡಿದಿರುವ ಬಡ ಬಂಧಗಳು ಬಿಟ್ಟರೆ ಸಾಕು, ಹರಳು ನೇರ ಸೀಳುತ್ತದೆ. ಬೆರಿಲಿನಲ್ಲಿ ಸಿಲಿಕಾನ್–ಆಮ್ಲಜನಕದ ಆರಾರು ಘಟಕಗಳು ಕೂಡಿ ಬಳೆಗಳಾಗಿ, ಬಳೆಯ ಮೇಲೆ ಬಳೆ ಜೋಡಿಸಿದಂತೆ ಕೂತಿರುತ್ತವೆ. ಹಾಗೆ ಸಲೀಸಾಗಿ ಸೀಳುವ ಮಟ್ಟ ಅದರಲ್ಲಿಲ್ಲ. ನನ್ನ ಅಕ್ವಾಮರೀನ್ ಅದೇ ಗೇಟು, ಅದೇ ಪಾತ್ರೆಗಳ ನಡುವೆ ಇದೆ. ಅಂಚು ಇನ್ನೂ ಚೂಪಾಗಿವೆ.

ಬಣ್ಣದ ವಿಷಯವನ್ನೂ ಸ್ಪಷ್ಟವಾಗಿ ಹೇಳಬೇಕು. ಪೇಟೆಯ ನೀಲಿ ಟೊಪಾಜ್ ಹೆಚ್ಚುಕಡಿಮೆ ಎಲ್ಲವೂ ಬಣ್ಣವಿಲ್ಲದ ಟೊಪಾಜನ್ನು ವಿಕಿರಣಕ್ಕೊಡ್ಡಿ, ಆಮೇಲೆ ಕಾಸಿ ಮಾಡಿದ್ದು. ಬಣ್ಣ ಮಾಸುವುದಿಲ್ಲ. ಅಕ್ವಾಮರೀನಿನ ನೀಲಿ ಅದರೊಳಗಿನ ಕಬ್ಬಿಣದ್ದು. ಹಸಿರು ಛಾಯೆ ತೆಗೆಯಲು ಅದನ್ನೂ ಸಾಮಾನ್ಯವಾಗಿ ಕಾಸುತ್ತಾರೆ. ಎರಡೂ ಮೋಸವಲ್ಲ, ಆದರೆ ಅಂಗಡಿಯವರು ಅದನ್ನು ಬಾಯಿಬಿಟ್ಟು ಹೇಳಬೇಕು.

ಟೊಪಾಜನ್ನೇ ಅಕ್ವಾಮರೀನ್ ಎಂದು ಕೊಟ್ಟರೆ? ಕೂರಿಸದ ಹರಳಾದರೆ ಮನೆಯಲ್ಲೇ ತಿಳಿಯಬಹುದು. 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿಯಲ್ಲಿ ಹರಳನ್ನು ತೂಗಿ. ಆಮೇಲೆ ಹರಳು ತೆಗೆದು, ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ಹರಳನ್ನು ತೆಳು ದಾರಕ್ಕೆ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ಕಾಣುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಬೇಕು. ನನ್ನ ಟೊಪಾಜ್ 1.20 ಗ್ರಾಂ, ನೀರಿನಲ್ಲಿ 0.34 ತೋರಿಸಿತು: 3.53. ಅಕ್ವಾಮರೀನ್ 1.09 ಗ್ರಾಂ, ನೀರಿನಲ್ಲಿ 0.40: 2.72. ಗಾಳಿಯ ಗುಳ್ಳೆ ಅಂಟಿದರೆ ಲೆಕ್ಕ ತಪ್ಪುತ್ತದೆ, ಹರಳನ್ನು ಮೊದಲೇ ಸೋಪಿನಿಂದ ತೊಳೆದಿರಿ. ಬರೀ ಗಾಜು ಕೂಡ ಅಕ್ವಾಮರೀನಿನ ಹತ್ತಿರದ ಅಂಕಿ ಕೊಡಬಹುದು, ಹಾಗಾಗಿ ಒಳಗೆ ದುಂಡನೆಯ ಗುಳ್ಳೆಗಳಿವೆಯೇ ಎಂದು ಭೂತಗನ್ನಡಿಯಲ್ಲಿ ನೋಡುವುದನ್ನು ಬಿಡಬೇಡಿ.

ಹಸಿರು ಟೂರ್ಮಲಿನ್ ನನಗೆ ಎರಡನೆಯ ಆಯ್ಕೆ. ಗಡಸು 7ರಿಂದ 7.5, ಸೀಳುವ ಕಾಟವಿಲ್ಲ. ಒಂದು ದಿಕ್ಕಿನಿಂದ ತಿಳಿ, ಇನ್ನೊಂದರಿಂದ ಕಡು ಹಸಿರು. ಕಾದರೆ ಅದರ ಎರಡು ತುದಿಗೆ ವಿರುದ್ಧ ವಿದ್ಯುದಂಶ ಬರುತ್ತದೆ, ಆಗ ಧೂಳು ಎಳೆದುಕೊಳ್ಳುತ್ತದೆ; ಏಪ್ರಿಲ್ ಬಿಸಿಲಿನಲ್ಲಿ ಪದೇ ಪದೇ ತೊಳೆಯುತ್ತಿದ್ದೆ.

ಬಜೆಟ್ ಟೊಪಾಜಿಗಷ್ಟೇ ಇದ್ದರೆ ಓಲೆ ಮಾಡಿಸಿ. ಉಂಗುರವೇ ಬೇಕೆಂದರೆ ಹರಳಿನ ಸುತ್ತ ಲೋಹದ ಅಂಚು ಏರಿಸಿ ಕೂರಿಸಲು ಪತ್ತಾರರಿಗೆ ಹೇಳಿ, ಅಲ್ಟ್ರಾಸಾನಿಕ್ ಮಷೀನಿನಲ್ಲಿ ತೊಳೆಯಲು ಕೊಡಬೇಡಿ. ಬಿಲ್ಲಿನ ಮೇಲೆ ಹರಳಿನ ಹೆಸರು, ತೂಕ, ಕಾಸಿದ್ದೋ ವಿಕಿರಣಕ್ಕೊಡ್ಡಿದ್ದೋ ಎಂಬುದನ್ನು ಬರೆಸಿಕೊಳ್ಳಿ.