ಡೆಲಿವರಿ ಕೆಲಸಕ್ಕೆ ಬರುವ ಹುಡುಗರೇ, ಇನ್ನೊಬ್ಬರ ಐಡಿಯ ಮೇಲೆ ಗಾಡಿ ಓಡಿಸಬೇಡಿ

ಕಲಬುರಗಿಗೆ ಡೆಲಿವರಿ ಕೆಲಸ ಹುಡುಕಿಕೊಂಡು ಬರುವ ಹುಡುಗರಿಗಾಗಿ, ಅವರನ್ನು ಕಳಿಸಿಕೊಡುವ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತೊಗರಿ ರಾಶಿ ಮುಗಿಯುತ್ತಿದ್ದಂತೆ ಜೇವರ್ಗಿ, ಅಫಜಲಪುರ, ಚಿತ್ತಾಪುರದ ಕಡೆಯಿಂದ ಬೈಕ್ ಇರುವ ಹುಡುಗರು ಪಟ್ಟಣಕ್ಕೆ ಬರುತ್ತಾರೆ. ಅವರಿಗಾಗಿಯೇ ಬಲೆ ಹಾಕಿಕೊಂಡು ಕೂತವರೂ ಇಲ್ಲಿದ್ದಾರೆ. ನಾನು ಇದೇ ಊರಿನಲ್ಲಿ ಸಣ್ಣ ಸರಕು ಗಾಡಿ ಓಡಿಸುವವನು. ನನ್ನ ಅಕ್ಕನ ಮಗ ಅಂಥವರ ಕೈಗೆ ಸಿಕ್ಕಿದ್ದ. ಅವನ ಕಾಗದಪತ್ರ ಬಿಡಿಸಿಕೊಳ್ಳಲು ಅವನ ಜೊತೆ ಅಲೆದವನು ನಾನು.

ಅವನಿಗೆ ಬಂದದ್ದು ಒಂದು ವಾಟ್ಸ್‌ಆಪ್ ಸಂದೇಶ. ಬೈಕ್ ಇದ್ದರೆ ಸಾಕು, ತಿಂಗಳಿಗೆ 25,000, ಬಂದ ದಿನವೇ ಕೆಲಸ. ರಿಂಗ್ ರಸ್ತೆಯ ಪಕ್ಕದ ಕಟ್ಟಡದ ಮಹಡಿಯಲ್ಲಿ ಒಂದು ಮೇಜು, ಎರಡು ಕುರ್ಚಿ, ಮೂಲೆಯಲ್ಲಿ ಬ್ಯಾಗುಗಳ ರಾಶಿ. ಅಲ್ಲಿದ್ದವನು ತಾನು ಡೆಲಿವರಿ ಕಂಪನಿಗೆ ಹುಡುಗರನ್ನು ಒದಗಿಸುವ ವೆಂಡರ್ ಎಂದ. ಬ್ಯಾಗು, ಟೀ ಶರ್ಟು, ಡಿಪಾಸಿಟ್ಟು ಎಂದು ಹೇಳಿ ಆರು ಸಾವಿರ ರೂಪಾಯಿಯನ್ನು ತನ್ನ ಸ್ವಂತ ಮೊಬೈಲ್ ನಂಬರಿಗೆ ಹಾಕಿಸಿಕೊಂಡ. ಪಿಯುಸಿ ಅಂಕಪಟ್ಟಿಯ ಮೂಲಪ್ರತಿ ಮತ್ತು ಸಹಿ ಮಾಡಿದ ಎರಡು ಖಾಲಿ ಚೆಕ್ಕುಗಳನ್ನೂ ಇಟ್ಟುಕೊಂಡ. ರಸೀದಿ ಕೇಳಿದ್ದಕ್ಕೆ, "ನಂಬಿಕೆ ಇಲ್ಲದಿದ್ದರೆ ಬೇರೆ ಕಡೆ ನೋಡಿಕೋ ತಮ್ಮಾ, ನಿನ್ನ ಹಿಂದೆ ಹತ್ತು ಜನ ನಿಂತಿದ್ದಾರೆ" ಎಂದನಂತೆ.

ಇಂಥ ಡಿಪಾಸಿಟ್ಟಿನ ಮೋಸವನ್ನು ನೀವೂ ಕೇಳಿರುತ್ತೀರಿ. ಅದಕ್ಕಿಂತ ಅಪಾಯಕಾರಿಯಾದದ್ದು ಐಡಿಯ, ಅಂದರೆ ಡೆಲಿವರಿ ಆಪಿನಲ್ಲಿ ಕೆಲಸಗಾರನ ಹೆಸರಿನಲ್ಲಿರುವ ಲಾಗಿನ್ನಿನ ವಿಷಯ. "ಹೊಸ ಐಡಿ ಕೊಡುವುದನ್ನು ಕಂಪನಿ ಸದ್ಯಕ್ಕೆ ನಿಲ್ಲಿಸಿದೆ. ಅಲ್ಲಿಯವರೆಗೆ ಇದರ ಮೇಲೆ ಓಡಿಸು, ವಾರಕ್ಕೊಮ್ಮೆ ಲೆಕ್ಕ ಮಾಡಿ ಕೊಡುತ್ತೇನೆ" ಎಂದು ಇನ್ನೊಬ್ಬನ ಹೆಸರಿನ ಲಾಗಿನ್ ಹಾಕಿಕೊಟ್ಟ. ಆಪಿನಲ್ಲಿದ್ದ ಹೆಸರು, ಫೋಟೊ, ಬ್ಯಾಂಕ್ ಖಾತೆ ಮೂರೂ ಬೇರೆಯವನವು. ಕೆಲಸ ಶುರು ಮಾಡುವ ಮೊದಲು ಆಪು ಮುಖ ತೋರಿಸಲು ಕೇಳುತ್ತದೆ. ಅದಕ್ಕಾಗಿ ಹುಡುಗರು ಬೆಳಿಗ್ಗೆ ಆ ಕಟ್ಟಡದ ಕೆಳಗೆ ಕಾಯಬೇಕಿತ್ತು. ಐಡಿಯ ಒಡೆಯ ನಿದ್ದೆಗಣ್ಣಿನಲ್ಲಿ ಇಳಿದು ಬಂದು, ನಮ್ಮ ಹುಡುಗನ ಮೊಬೈಲನ್ನು ತನ್ನ ಮುಖಕ್ಕೆ ಹಿಡಿದು, ಪರದೆಯ ಮೇಲೆ ಹಸಿರು ಗುರುತು ಮೂಡಿದ ಕೂಡಲೇ ವಾಪಸು ಕೊಟ್ಟು ಹೋಗುತ್ತಿದ್ದ. ಆಮೇಲೆ ಸೂಪರ್ ಮಾರ್ಕೆಟ್‌ನಿಂದ ಸೇಡಂ ರಸ್ತೆಯವರೆಗೆ, ಮೇ ತಿಂಗಳ ಬಿಸಿಲಿನಲ್ಲಿ, ದಿನವಿಡೀ ಓಡುವವನು ಇವನು. ದುಡಿಮೆ ಹೋಗುತ್ತಿದ್ದುದು ಅವನ ಖಾತೆಗೆ. ಅದರಲ್ಲಿ ಕಮಿಷನ್ನು, ಬ್ಯಾಗಿನ ಬಾಡಿಗೆ, ರದ್ದಾದ ಆರ್ಡರಿನ ದಂಡ ಎಂದೆಲ್ಲ ಮುರಿದುಕೊಂಡು ಉಳಿದದ್ದನ್ನು ವೆಂಡರ್ ಇವನ ಕೈಗಿಡುತ್ತಿದ್ದ. ಆಪು ತೋರಿಸುತ್ತಿದ್ದ ಮೊತ್ತಕ್ಕೂ ಕೈಗೆ ಬರುತ್ತಿದ್ದ ಮೊತ್ತಕ್ಕೂ ತಾಳೆಯೇ ಇರಲಿಲ್ಲ.

ಒಂದು ಮಧ್ಯಾಹ್ನ ಸೇಡಂ ರಸ್ತೆಯಲ್ಲಿ ಬೈಕ್ ಜಾರಿ ಬಲಗೈ ಮೂಳೆ ಮುರಿಯಿತು. ಆಸ್ಪತ್ರೆಯಿಂದ ಆಪಿನ ಸಹಾಯವಾಣಿಗೆ ಕರೆ ಮಾಡಿದವನು ನಾನೇ. ದಾಖಲೆಯಲ್ಲಿರುವ ಹೆಸರಿನವರು ಮಾತನಾಡಲಿ ಎಂದರು. ವಿಮೆ ಇದ್ದದ್ದು ಆ ಹೆಸರಿಗೆ. ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಹುಡುಗ ಕಂಪನಿಯ ಲೆಕ್ಕದಲ್ಲಿ ಒಂದು ದಿನವೂ ಕೆಲಸ ಮಾಡಿರಲೇ ಇಲ್ಲ! ನಮ್ಮ ಕರೆಗೆ ಓಗೊಡದ ವೆಂಡರ್ ಕೆಲವು ದಿನಗಳ ನಂತರ ತಾನೇ ಕರೆ ಮಾಡಿದ. ಗ್ರಾಹಕರಿಂದ ಪಡೆದ ನಗದು ಬಾಕಿ ಇದೆ, ಕಟ್ಟದಿದ್ದರೆ ಚೆಕ್ಕು ಬ್ಯಾಂಕಿಗೆ ಹಾಕುತ್ತೇನೆ ಎಂದು ಹೆದರಿಸಿದ.

ಈ ಹೆಸರಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೀಗೆ ಆಪುಗಳ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ ರಾಜ್ಯ ಸರ್ಕಾರ 2023ರಲ್ಲಿ ವಿಮಾ ಯೋಜನೆ ತಂದಿದೆ. ಅಪಘಾತದಲ್ಲಿ ಜೀವ ಹೋದರೆ ಕುಟುಂಬಕ್ಕೆ 4 ಲಕ್ಷ ರೂಪಾಯಿ, ಗಾಯವಾದರೆ ಆಸ್ಪತ್ರೆ ಖರ್ಚಿಗೆ 1 ಲಕ್ಷದವರೆಗೆ ನೆರವಿದೆ. 2025ರಲ್ಲಿ ಪ್ರತ್ಯೇಕ ಕಾಯ್ದೆಯೂ ಬಂತು. ಕಂಪನಿಗಳು ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು, ಕಾರ್ಮಿಕರ ವಿವರವನ್ನು ಗಿಗ್ ಕಾರ್ಮಿಕರ ಕಲ್ಯಾಣ ಮಂಡಳಿಗೆ ಒಪ್ಪಿಸಬೇಕು. ಎಷ್ಟೋ ಜನ ಹೋರಾಡಿ ಪಡೆದ ಹಕ್ಕು ಇದು. ಐಡಿ ಇನ್ನೊಬ್ಬನದಾದರೆ ಇದರಲ್ಲಿ ಒಂದೂ ನಿಮಗೆ ದಕ್ಕುವುದಿಲ್ಲ. ಹುಡುಗರ ದುಡಿಮೆಯ ಜೊತೆಗೆ ಅವರ ಗುರುತನ್ನೂ ಕಸಿಯುವ ಈ ದಂಧೆಯನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಇಂಥ ಇಕ್ಕಟ್ಟಿನಲ್ಲಿರುವವರಿಗಾಗಿ ನಾವು ಮಾಡಿದ್ದನ್ನು ಹೇಳುತ್ತೇನೆ. ಮೊದಲು ಬ್ಯಾಂಕಿಗೆ ಹೋಗಿ ಆ ಎರಡು ಚೆಕ್ಕುಗಳ ಸಂಖ್ಯೆ ಬರೆದುಕೊಟ್ಟು ಪಾವತಿ ತಡೆಸಿದೆವು. ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದೆವು. ಮೊಬೈಲಿನಿಂದ ಹಣ ಹಾಕಿದ್ದರಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿದೆವು. ಹಣ ಹೋದ ಕೂಡಲೇ ಕರೆ ಮಾಡಿದರೆ ತಡೆಹಿಡಿಯುವ ಸಾಧ್ಯತೆ ಹೆಚ್ಚು, ನಮಗೆ ತಡವಾಗಿತ್ತು. ದೂರಿನ ಪ್ರತಿ ಹಿಡಿದು ನಾಲ್ಕು ಜನ ಚಾಲಕರು ಆ ಮಹಡಿ ಹತ್ತಿದ ಮೇಲೆ ಅಂಕಪಟ್ಟಿ ಮತ್ತು ಒಂದು ಚೆಕ್ಕು ಕೈಗೆ ಬಂದವು. ಇನ್ನೊಂದು ಚೆಕ್ಕು ಇನ್ನೂ ಅವನ ಬಳಿಯೇ ಇದೆ. ಪಾವತಿ ತಡೆಸಿದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ಚೆಕ್ ಬೌನ್ಸ್ ಎಂದು ವಕೀಲರ ನೋಟಿಸು ಬಂದರೆ 15 ದಿನಗಳೊಳಗೆ ವಕೀಲರ ಮೂಲಕವೇ ಉತ್ತರ ಕೊಡಬೇಕು. ಶುಲ್ಕ ಕೊಡಲಾಗದ ಬಡವರು ಜಿಲ್ಲಾ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದಲ್ಲಿ ನೆರವು ಕೇಳಬಹುದು.

ಕೆಲಸ ಬೇಕಾದವರು ಆಪನ್ನು ನೀವೇ ಇಳಿಸಿಕೊಂಡು ನಿಮ್ಮ ಆಧಾರ್, ನಿಮ್ಮ ಲೈಸೆನ್ಸ್, ನಿಮ್ಮ ಖಾತೆ ಕೊಟ್ಟು ನೋಂದಾಯಿಸಿಕೊಳ್ಳಿ. ಐಡಿ ಬರುವುದು ತಡವಾದರೆ ಕಾಯಿರಿ. ಬೈಕಿನ ವಿಮೆ ಸ್ವಂತ ಬಳಕೆಗೆ ಮಾತ್ರವೋ ಡೆಲಿವರಿಗೂ ಅನ್ವಯಿಸುತ್ತದೆಯೋ ಎಂದು ವಿಮಾ ಕಂಪನಿಯನ್ನೇ ಕೇಳಿ. ನನ್ನ ಹಾಗೆ ಸಣ್ಣ ಸರಕು ಗಾಡಿ ಓಡಿಸಬೇಕೆನ್ನುವವರಿಗೆ ಇನ್ನೊಂದು ಮಾತು: ಬ್ಯಾಡ್ಜ್, ಅಂದರೆ ಬಾಡಿಗೆ ಗಾಡಿ ಓಡಿಸಲು ಲೈಸೆನ್ಸಿನ ಮೇಲೆ ಹಾಕಿಸುವ ಅನುಮತಿ, ಮಾಡಿಸಿಕೊಡುತ್ತೇನೆಂದು ಹಣ ಕೇಳುವವರು ಈಗಲೂ ಇದ್ದಾರೆ. 7,500 ಕೆ.ಜಿ. ಒಳಗಿನ ಗಾಡಿಗೆ ಎಲ್‌ಎಂವಿ (ಲಘು ವಾಹನದ) ಲೈಸೆನ್ಸ್ ಸಾಕೆಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ, 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠವೂ ಅದನ್ನು ಎತ್ತಿಹಿಡಿದಿದೆ.

ಆಪಿನ ಕೆಲಸವೇ ಆಗಬೇಕೆಂದಿಲ್ಲ. ನೆಹರೂ ಗಂಜಿನ ಅಂಗಡಿಗಳಿಗೆ, ದಾಲ್ ಮಿಲ್ಲುಗಳಿಗೆ, ಔಷಧಿ ಸಗಟು ವ್ಯಾಪಾರಿಗಳಿಗೆ ಸರಕು ಮುಟ್ಟಿಸುವವರು ಬೇಕಾಗುತ್ತಾರೆ. ನೇರವಾಗಿ ಮಾಲೀಕರನ್ನೇ ಕಂಡು ಕೇಳಿ, ದಿನಗೂಲಿಯೋ ತಿಂಗಳ ಸಂಬಳವೋ ಮೊದಲೇ ಮಾತಾಡಿಕೊಳ್ಳಿ. ಕೈ ಕೂಡಿದ ಮೇಲೆ ನನ್ನ ಅಳಿಯ ಗಂಜಿನಲ್ಲೇ ಒಂದು ಅಂಗಡಿಗೆ ಸೇರಿದ್ದಾನೆ. ಸಂಬಳ ಅವನ ಖಾತೆಗೇ ಬರುತ್ತದೆ.